ನೊಂದವರು ಯಾರು ಎಂದು ಕೋರ್ಟು ಕೇಳಿದಾಗ

(ಕಾನೂನು ಮತ್ತು ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದರ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ, ದಂಡ ಸಂಹಿತೆಯ ಸೆಕ್ಷನ್ 377ರ ಬಗ್ಗೆ ಮಾತು ಬಂದರೆ ಎಲ್ಲರೂ 2018ರ ಸೆಪ್ಟೆಂಬರ್ 6ರಿಂದ ಶುರು ಮಾಡುತ್ತಾರೆ. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಹೊರಗೆ ತಬ್ಬಿಕೊಂಡು ಅಳುತ್ತಿದ್ದ ಜನ, ಕಾಮನಬಿಲ್ಲಿನ ಬಾವುಟ. ನೀವೂ ಟಿವಿಯಲ್ಲಿ ನೋಡಿರುತ್ತೀರಿ. ನಾನು ಅದಕ್ಕಿಂತ 14 ವರ್ಷ ಹಿಂದಕ್ಕೆ ಹೋಗುತ್ತೇನೆ. 2004ರ ಸೆಪ್ಟೆಂಬರ್. ಆಗ ದೆಹಲಿ ಹೈಕೋರ್ಟು ಇದೇ ಕಾನೂನಿನ ವಿರುದ್ಧ ಎಚ್‌ಐವಿ ತಡೆಯುವ ಕೆಲಸ ಮಾಡುವ ನಾಜ್ ಫೌಂಡೇಶನ್ ಎಂಬ ಸಂಸ್ಥೆ ಹಾಕಿದ್ದ ಅರ್ಜಿಯನ್ನು ವಜಾ ಮಾಡಿತು. ಕಾನೂನು ಸರಿ ಇದೆ, ಅದಕ್ಕೇ ವಜಾ ಮಾಡುತ್ತೇವೆ ಎಂದಿದ್ದರೆ ಅದು ಬೇರೆ ಮಾತು. ಆದರೆ ಕೋರ್ಟು ಹೇಳಿದ್ದು ಅದಲ್ಲ. ಈ ಸಂಸ್ಥೆಗೆ ಈ ಕಾನೂನಿನಿಂದ ಯಾವ ತೊಂದರೆಯೂ ಆಗಿಲ್ಲ, ಬರೀ ಚರ್ಚೆಗೆಂದು ತಂದ ಅರ್ಜಿಯನ್ನು ನಾವು ವಿಚಾರಿಸುವುದಿಲ್ಲ ಎಂದಿತು.

ಅಂದರೆ ನೊಂದವರು ಬರಲಿ ಅಂತ.

ನೊಂದವರು ಬರುವುದು ಹೇಗೆ, ಯೋಚನೆ ಮಾಡಿ. ಅಫಿಡವಿಟ್ಟಿನಲ್ಲಿ ಹೆಸರು ಬರೆಯಬೇಕು, ತಂದೆಯ ಹೆಸರು ಬರೆಯಬೇಕು, ವಿಳಾಸ ಬರೆಯಬೇಕು. ಆಮೇಲೆ, ನಾನು ಜೀವಾವಧಿ ಶಿಕ್ಷೆವರೆಗೂ ಹೋಗಬಹುದಾದ ಅಪರಾಧ ಮಾಡುವವನು, ಆದ್ದರಿಂದ ಈ ಕಾನೂನಿನಿಂದ ನನಗೆ ತೊಂದರೆ ಇದೆ ಎಂದು ಸಹಿ ಹಾಕಬೇಕು. ಮನೆಯಲ್ಲಿ ಗೊತ್ತಿಲ್ಲ, ಕೆಲಸದ ಕಡೆ ಗೊತ್ತಿಲ್ಲ, ಬಾಡಿಗೆ ಮನೆಯ ಮಾಲೀಕರಿಗೆ ಗೊತ್ತಿಲ್ಲ. ಯಾರು ಬರುತ್ತಾರೆ?

ನನ್ನ ಪ್ರಕಾರ ಈ ಹೋರಾಟದ ನಿಜವಾದ ಕಥೆ ಇಲ್ಲಿದೆ. ಹೆಸರು ಹೇಳಿಕೊಳ್ಳಲು ಆಗದಿದ್ದವರು ಹೇಗೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿಕೊಂಡು ಕೋರ್ಟಿನ ಮುಂದೆ ಬಂದರು ಅನ್ನೋದು. ದೆಹಲಿಯ ದೊಡ್ಡ ವಕೀಲರ ವಾದಗಳು ಮುಖ್ಯವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ವಾದಗಳ ಕೈಗೆ ಪುರಾವೆ ಕೊಟ್ಟವರು ಬೇರೆ ಜನ. ಅವರಲ್ಲಿ ಬೆಂಗಳೂರಿನವರು ತುಂಬಾ ಜನ ಇದ್ದಾರೆ. ಈ ವಿಷಯ ಕನ್ನಡದಲ್ಲಿ ಸಾಕಷ್ಟು ಬಂದಿಲ್ಲ ಅನ್ನೋದು ನನಗೆ ಬಹಳ ದಿನದ ಬೇಸರ.

ಮೊದಲು ಕಾನೂನು ಎಲ್ಲಿಂದ ಬಂತು ಅಂತ ಬೇಗ ಹೇಳಿಬಿಡುತ್ತೇನೆ. ಮೆಕಾಲೆ ನೇತೃತ್ವದ ಆಯೋಗ ಭಾರತಕ್ಕೊಂದು ದಂಡ ಸಂಹಿತೆಯ ಕರಡು ಮಾಡಿದ್ದು 1837ರಲ್ಲಿ. ಈ ಅಪರಾಧಗಳ ಬಗ್ಗೆ ಬರೆಯುವಾಗ ಮೆಕಾಲೆ, ಇವುಗಳ ವಿಚಾರದಲ್ಲಿ ಆದಷ್ಟು ಕಡಿಮೆ ಮಾತಾಡುವುದೇ ಒಳ್ಳೆಯದು ಎಂಬ ಅರ್ಥದ ಟಿಪ್ಪಣಿ ಹಾಕಿದ. ಅದನ್ನು ನೆನಪಿಟ್ಟುಕೊಳ್ಳಿ. ಚರ್ಚೆಯೇ ಬೇಡ ಅಂತ ಮಾಡಿದ ಕಾನೂನು ಇದು. 1860ರಲ್ಲಿ ಸಂಹಿತೆ ಪಾಸಾಯಿತು, 1862ರ ಜನವರಿ 1ರಿಂದ ಜಾರಿಗೆ ಬಂತು. ಪ್ರಕೃತಿಯ ನಿಯಮಕ್ಕೆ ವಿರುದ್ಧವಾಗಿ ಗಂಡು, ಹೆಣ್ಣು ಅಥವಾ ಪ್ರಾಣಿಯ ಜೊತೆ ಸ್ವ ಇಚ್ಛೆಯಿಂದ ದೇಹ ಸಂಪರ್ಕ ಮಾಡಿದರೆ ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಇಬ್ಬರಿಗೂ ಒಪ್ಪಿಗೆ ಇತ್ತಾ, ಇಬ್ಬರೂ ವಯಸ್ಕರಾ, ಇದ್ಯಾವುದನ್ನೂ ಆ ಸೆಕ್ಷನ್ ಕೇಳುವುದಿಲ್ಲ. ಒಂದು ಮಗುವಿನ ಮೇಲೆ ನಡೆದ ಅತ್ಯಾಚಾರವನ್ನೂ, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರ ಖಾಸಗಿ ಬದುಕನ್ನೂ ಒಂದೇ ಸಾಲಿನಲ್ಲಿ ಸೇರಿಸಿಟ್ಟ ಕಾನೂನು.

ಹಳೆಯ ಕೇಸು ಒಂದಿದೆ. 1884ರದು. ಹೆಂಗಸಿನ ಬಟ್ಟೆ ಹಾಕಿಕೊಂಡು ಹೆಂಗಸರ ಜೊತೆ ಹಾಡುತ್ತಿದ್ದ ಒಬ್ಬರನ್ನು ಪೊಲೀಸರು ಹಿಡಿದರು. ಯಾವಾಗ ಅಪರಾಧ ಆಯಿತು, ಎಲ್ಲಿ ಆಯಿತು, ಯಾರ ಜೊತೆ ಆಯಿತು, ಏನೂ ಗೊತ್ತಿಲ್ಲ. ಆದರೂ ಕೆಳಗಿನ ಕೋರ್ಟು 377ರ ಕೆಳಗೆ ಶಿಕ್ಷೆ ಕೊಟ್ಟಿತು. ಅಲಹಾಬಾದ್ ಹೈಕೋರ್ಟು ಬಿಡುಗಡೆ ಮಾಡಿತು. ಆದರೆ ಆ ವ್ಯಕ್ತಿಯ ಮೇಲೆ ಪೊಲೀಸರು ಕಣ್ಣಿಟ್ಟಿದ್ದು ಸರಿಯೇ ಎಂದೂ ಹೇಳಿತು. ಅಪರಾಧ ಸಾಬೀತಾಗಲಿಲ್ಲ, ಆದರೂ ಮನುಷ್ಯನ ಮೇಲೆ ಕಣ್ಣಿಡಬಹುದು. ಮುಂದಿನ ನೂರಿಪ್ಪತ್ತು ವರ್ಷ ಈ ಕಾನೂನು ಕೆಲಸ ಮಾಡಿದ್ದು ಹೆಚ್ಚುಕಡಿಮೆ ಹೀಗೇ.

ಹಾಗಾದರೆ ಹೋರಾಟ ಯಾವಾಗ ಶುರುವಾಯಿತು? ಸಂಘಟನೆ ಕಟ್ಟಿಕೊಂಡು ಬೀದಿಗಿಳಿದದ್ದು 90ರ ದಶಕದ ಶುರುವಿನಲ್ಲಿ, ದೆಹಲಿಯಲ್ಲಿ. ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಗುಂಪು 1991ರಲ್ಲಿ ದೇಶದಲ್ಲಿ ಸಲಿಂಗಿಗಳ ಸ್ಥಿತಿ ಹೇಗಿದೆ ಎಂಬ ವರದಿ ತಂದಿತು. 1992ರ ಆಗಸ್ಟಿನಲ್ಲಿ, ಪಾರ್ಕಿನಲ್ಲಿದ್ದ ಗಂಡಸರನ್ನು ಪೊಲೀಸರು ಹಿಡಿದುಕೊಂಡು ಹೋದದ್ದಕ್ಕೆ ದೆಹಲಿ ಪೊಲೀಸ್ ಕೇಂದ್ರ ಕಚೇರಿಯ ಮುಂದೆ ಪ್ರತಿಭಟನೆ ಮಾಡಿತು. ಆಮೇಲೆ ತಿಹಾರ್ ಜೈಲಿನ ಪ್ರಸಂಗ. ಅಲ್ಲಿ ಕೈದಿಗಳಿಗೆ ಕಾಂಡೋಮ್ ಕೊಡಿ ಅಂದಾಗ ಜೈಲಿನ ಆಡಳಿತ ಒಪ್ಪಲಿಲ್ಲ, ಕೊಟ್ಟರೆ ಅಪರಾಧಕ್ಕೆ ನಾವೇ ಕುಮ್ಮಕ್ಕು ಕೊಟ್ಟ ಹಾಗಾಗುತ್ತದೆ ಎಂಬ ವಾದ. 1994ರಲ್ಲಿ ಇದೇ ಗುಂಪು 377ರ ವಿರುದ್ಧ ಮೊದಲ ಅರ್ಜಿ ಹಾಕಿತು. ಅದು ವರ್ಷಗಟ್ಟಲೆ ಧೂಳು ತಿಂದು ಹಾಗೇ ಮುಗಿದುಹೋಯಿತು.

2001ರ ಜುಲೈನಲ್ಲಿ ಲಖನೌದಲ್ಲಿ ಒಂದು ಘಟನೆ ನಡೆಯಿತು. ಎಚ್‌ಐವಿ ತಡೆಯುವುದು ಹೇಗೆ ಎಂದು ಗಂಡಸರಿಗೆ ತಿಳಿಹೇಳುತ್ತಿದ್ದ, ಕಾಂಡೋಮ್ ಹಂಚುತ್ತಿದ್ದ ಸಂಸ್ಥೆಗಳ ಕಾರ್ಯಕರ್ತರನ್ನು ಪೊಲೀಸರು ಬಂಧಿಸಿದರು. ಹಾಕಿದ ಕೇಸಿನಲ್ಲಿ 377 ಕೂಡ ಇತ್ತು. ಅವರು 47 ದಿನ ಜೈಲಿನಲ್ಲಿದ್ದರು. ಜನರ ಜೀವ ಉಳಿಸುವ ಕೆಲಸಕ್ಕೆ ಸಿಕ್ಕಿದ್ದು ಇದು. ಅದೇ ವರ್ಷದ ಕೊನೆಗೆ, ಅಂಜಲಿ ಗೋಪಾಲನ್ ಕಟ್ಟಿದ ದೆಹಲಿಯ ನಾಜ್ ಫೌಂಡೇಶನ್, ಲಾಯರ್ಸ್ ಕಲೆಕ್ಟಿವ್‌ನ ವಕೀಲರ ಜೊತೆ ಸೇರಿ ಹೈಕೋರ್ಟಿಗೆ ಹೋಯಿತು. ವಯಸ್ಕರು ಒಪ್ಪಿಕೊಂಡು, ಖಾಸಗಿಯಾಗಿ ಮಾಡುವುದನ್ನು 377ರಿಂದ ಹೊರಗಿಡಿ ಎಂಬುದು ಬೇಡಿಕೆ. ಅದನ್ನೇ ಕೋರ್ಟು 2004ರಲ್ಲಿ ವಜಾ ಮಾಡಿದ್ದು. ಇಲ್ಲ, ಇದು ಗಂಭೀರ ವಿಷಯ, ನೀವು ವಿಚಾರಿಸಲೇಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟು ವಾಪಸ್ ಕಳಿಸಿತು.

ಈಗ ಬೆಂಗಳೂರಿಗೆ ಬರೋಣ.

ಕಬ್ಬನ್ ಪಾರ್ಕು ಗೊತ್ತಲ್ವಾ. 90ರ ದಶಕದಲ್ಲಿ ಮೊಬೈಲ್ ಇಲ್ಲ, ಆಪ್ ಇಲ್ಲ. ತಮ್ಮಂಥವರು ಇನ್ನೊಬ್ಬರು ಈ ಊರಿನಲ್ಲಿ ಇದ್ದಾರಾ ಅಂತ ತಿಳಿಯಬೇಕಾದರೆ ಪಾರ್ಕಿಗೆ, ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ಅಲ್ಲಿ ಪೊಲೀಸರೂ ಬರುತ್ತಿದ್ದರು, ಪೊಲೀಸರ ಹೆಸರು ಹೇಳಿಕೊಂಡು ದುಡ್ಡು ಕೀಳುವವರೂ ಬರುತ್ತಿದ್ದರು. ವಾಚು, ಉಂಗುರ, ಪರ್ಸು ಕೊಟ್ಟರೆ ಬಿಡುತ್ತಿದ್ದರು. ಇಲ್ಲದಿದ್ದರೆ ನಿಮ್ಮಪ್ಪನಿಗೆ ಫೋನ್ ಮಾಡ್ತೀವಿ ಅಂತ ಹೆದರಿಸುತ್ತಿದ್ದರು. ಎಫ್‌ಐಆರ್ ಎಲ್ಲಿಯೂ ಇಲ್ಲ. ಕೇಸೇ ಇಲ್ಲ. 377 ಅನ್ನೋ ಮೂರು ಅಂಕಿ ಬಾಯಲ್ಲಿ ಹೇಳಿದರೆ ಸಾಕಾಗಿತ್ತು.

1994ರಲ್ಲಿ ಗುಡ್ ಆ್ಯಸ್ ಯೂ ಎಂಬ ಬೆಂಬಲ ಗುಂಪು ಬೆಂಗಳೂರಿನಲ್ಲಿ ಶುರುವಾಗಿತ್ತು. ಬಂದು ಕೂತು ಮಾತಾಡಬಹುದಾದ ಜಾಗ ಅದು. ಅಷ್ಟೇ ಅಂದರೂ ಆ ಕಾಲಕ್ಕೆ ಅದು ಎಷ್ಟು ದೊಡ್ಡದು ಅಂತ ಈಗ ಊಹೆ ಮಾಡುವುದು ಕಷ್ಟ. 1999ರಲ್ಲಿ ಸಂಗಮ ಸಂಸ್ಥೆ ಬಂತು. ಇಂಗ್ಲಿಷ್ ಬಲ್ಲ ಮಧ್ಯಮ ವರ್ಗದಲ್ಲಿ ಮಾತ್ರ ಸುತ್ತುತ್ತಿದ್ದ ವಿಷಯವನ್ನು ಅದು ಹಿಜ್ರಾಗಳು, ಕೋತಿಗಳು (ಹೆಣ್ಣಿನ ನಡೆನುಡಿ ಇರುವ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು), ಲೈಂಗಿಕ ಕಾರ್ಯಕರ್ತರು, ಯಲ್ಲಮ್ಮನಿಗೆ ಮುಡಿಪಾದ ಜೋಗಪ್ಪಗಳು ಇರುವ ಕಡೆಗೆ ಒಯ್ದಿತು. ಕನ್ನಡದಲ್ಲಿ ಮಾತು, ಕನ್ನಡದಲ್ಲಿ ಪ್ರತಿಭಟನೆ, ಪೊಲೀಸ್ ಠಾಣೆಗೆ ರಾತ್ರಿ ಓಡುವುದು. ಪರ್ಯಾಯ ಕಾನೂನು ವೇದಿಕೆಯ ವಕೀಲರು, ಅರವಿಂದ್ ನರೇನ್ ಅಂಥವರು, ಜೊತೆಗೆ ನಿಂತರು.

2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಕರ್ನಾಟಕ ಘಟಕ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ ಸತ್ಯಶೋಧನಾ ವರದಿ ಪ್ರಕಟಿಸಿತು. ಹಣ ಕೀಳುವುದು, ಕಾನೂನಿಲ್ಲದೆ ಠಾಣೆಯಲ್ಲಿ ಕೂರಿಸುವುದು, ಹೊಡೆತ, ಮನೆಯವರಿಗೆ ಹೇಳಿಬಿಡುವುದು, ಎಲ್ಲವನ್ನೂ ಅನುಭವಿಸಿದವರ ಬಾಯಿಂದ ಕೇಳಿ ಬರೆದ ವರದಿ. 2003ರಲ್ಲಿ ಎರಡನೆಯದು ಬಂತು, ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಬದುಕಿನ ಬಗ್ಗೆ. ಇವು ಮುಂದೆ ಕೋರ್ಟುಗಳ ಕೈಗೆ ಹೋದವು. ಪತ್ರಿಕೋದ್ಯಮದ ವಿದ್ಯಾರ್ಥಿಗಳು ದಯವಿಟ್ಟು ಗಮನಿಸಿ: ಯಾರೋ ಹೋಗಿ ಕೂತು, ನಂಬಿಕೆ ಗಳಿಸಿ, ಕೇಳಿ, ದಿನಾಂಕ ಸಮೇತ ಬರೆದಿಡದಿದ್ದರೆ ಮುಂದೆ ವಕೀಲರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

2006ರಲ್ಲಿ ಕೇಸು ಹೈಕೋರ್ಟಿಗೆ ವಾಪಸ್ ಬಂದಾಗ ದೆಹಲಿಯ ಹಲವು ಸಂಘಟನೆಗಳು ಒಟ್ಟಾಗಿ ವಾಯ್ಸಸ್ ಅಗೇನ್ಸ್ಟ್ 377 ಎಂಬ ಹೆಸರಿನಲ್ಲಿ ಅದರೊಳಗೆ ಸೇರಿದವು. ಇದು ದೊಡ್ಡ ತಿರುವು. ಅಲ್ಲಿಯವರೆಗೆ ವಾದ ಹೆಚ್ಚಾಗಿ ಆರೋಗ್ಯದ್ದಾಗಿತ್ತು. ಈಗ ನೊಂದವರ ಹೇಳಿಕೆಗಳು ಬಂದವು. ಅದರಲ್ಲಿ ಬೆಂಗಳೂರಿನ ಒಬ್ಬ ಹಿಜ್ರಾ ಅವರ ಕಥೆ ಇತ್ತು. 2004ರಲ್ಲಿ ರೌಡಿಗಳ ಗುಂಪೊಂದು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿತು. ಪೊಲೀಸರು ಬಂದರು, ಠಾಣೆಗೆ ಕರೆದುಕೊಂಡು ಹೋದರು. ಹೋದದ್ದು ದೂರು ಬರೆದುಕೊಳ್ಳಲಿಕ್ಕಲ್ಲ. ಬಟ್ಟೆ ಬಿಚ್ಚಿಸಿ, ಕಿಟಕಿಗೆ ಕೈಕೋಳ ಹಾಕಿ, ಹಿಂಸೆ ಕೊಟ್ಟರು. ಅತ್ಯಾಚಾರಕ್ಕೆ ಒಳಗಾದವರೇ ಅಪರಾಧಿ! 2009ರ ತೀರ್ಪಿನಲ್ಲಿ ಈ ಘಟನೆ ಬಂದಿದೆ. ನೀವು ತೆಗೆದು ಓದಿದರೆ ಕಾನೂನಿನ ಒಣ ಭಾಷೆಯ ನಡುವೆ ನಮ್ಮ ಊರಿನ ಹೆಸರು ಕಾಣುತ್ತದೆ, ಕಂಡಾಗ ಎದೆ ಕಿವುಚುತ್ತದೆ.

ಕೇಂದ್ರ ಸರ್ಕಾರ ಆಗ ಏನು ಹೇಳಿತು ಅನ್ನೋದೂ ಹೇಳಬೇಕು. ಗೃಹ ಇಲಾಖೆ, ಈ ಕಾನೂನು ಬೇಕು, ಸಮಾಜ ಒಪ್ಪುವುದಿಲ್ಲ ಎಂದಿತು. ಆರೋಗ್ಯ ಇಲಾಖೆಯ ಕೆಳಗಿರುವ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಈ ಕಾನೂನಿನಿಂದ ಜನ ಅಡಗಿಕೊಳ್ಳುತ್ತಾರೆ, ನಮಗೆ ಅವರನ್ನು ತಲುಪಲು ಆಗುತ್ತಿಲ್ಲ ಎಂದಿತು. ಗಂಡಸರ ಜೊತೆ ಸಂಬಂಧ ಇರುವ ಗಂಡಸರ ಸಂಖ್ಯೆ ಸುಮಾರು 25 ಲಕ್ಷ ಎಂಬ ಅಂದಾಜನ್ನೂ ಕೊಟ್ಟಿತು. ಒಂದೇ ಸರ್ಕಾರ, ಒಂದೇ ಕೋರ್ಟು, ಎರಡು ಉತ್ತರ.

2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ಆಯಿತು. ಅದೇ ದಿನ ದೆಹಲಿಯಲ್ಲೂ ಕೋಲ್ಕತ್ತಾದಲ್ಲೂ. ಕೋಲ್ಕತ್ತಾ 1999ರಲ್ಲೇ ಶುರು ಮಾಡಿತ್ತು. ಕೆಲವರು ಮುಖವಾಡ ಹಾಕಿಕೊಂಡು ನಡೆಯುತ್ತಿದ್ದರು. ಅದನ್ನು ನೋಡಿ ನಗುವವರಿದ್ದರು. ನಾನು ಅದರಲ್ಲಿ ಕಂಡಿದ್ದು ಧೈರ್ಯ. ಮುಖ ತೋರಿಸಲು ಆಗದಿದ್ದರೂ ಮನೆಯಲ್ಲಿ ಕೂರದೆ ಬಂದರಲ್ಲ!

2009ರ ಜುಲೈ 2. ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎ.ಪಿ. ಶಾ ಮತ್ತು ನ್ಯಾಯಮೂರ್ತಿ ಎಸ್. ಮುರಳೀಧರ್ ತೀರ್ಪು ಕೊಟ್ಟರು. ವಯಸ್ಕರ ನಡುವಿನ, ಒಪ್ಪಿತ, ಖಾಸಗಿ ಸಂಬಂಧಕ್ಕೆ 377 ಅನ್ವಯಿಸುವುದು ಸಂವಿಧಾನಕ್ಕೆ ವಿರುದ್ಧ. ಅವರು ಅಂಬೇಡ್ಕರ್ ಹೇಳಿದ ಸಾಂವಿಧಾನಿಕ ನೈತಿಕತೆಯನ್ನು ಮುಂದಿಟ್ಟರು. ಬಹುಮತದ ನೈತಿಕತೆ ಒಂದು, ಸಂವಿಧಾನದ ನೈತಿಕತೆ ಇನ್ನೊಂದು, ಎರಡರ ನಡುವೆ ಜಗಳ ಬಂದರೆ ಗೆಲ್ಲಬೇಕಾದ್ದು ಸಂವಿಧಾನ ಅಂತ. ನನಗೆ ಇವತ್ತಿಗೂ ಇದೇ ಹೆಚ್ಚು ಇಷ್ಟವಾದ ತೀರ್ಪು. 2018ರದು ಉದ್ದವಾಗಿದೆ, ದೊಡ್ಡದಾಗಿದೆ. ಆದರೆ 2009ರದರಲ್ಲಿ ಮೊದಲ ಸಲ ಒಂದು ಕೋರ್ಟು ನಮ್ಮನ್ನು ನೋಡಿ ಮಾತಾಡಿತು.

ನಮ್ಮನ್ನು ಅಂದೆ. ಹೌದು, ನಾನು ಸಲಿಂಗಿ. ನನ್ನ ಮೇಲೆ ಯಾವತ್ತೂ ಯಾರೂ 377 ಹಾಕಲಿಲ್ಲ. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಪ್ರತಿಯೊಂದು ಪತ್ರವನ್ನೂ ಹರಿದು ಹಾಕಿದ್ದು, ಲಾಡ್ಜಿನಲ್ಲಿ ಅಲ್ಲ, ಗೆಳೆಯನ ರೂಮಿನಲ್ಲಿ ಕೂತು ಮಾತಾಡುವಾಗಲೂ ಬಾಗಿಲಿನ ಕಡೆಗೇ ಕಿವಿ ಇದ್ದದ್ದು, ಇವು ಆ ಕಾನೂನು ಮಾಡಿದ ಕೆಲಸವೇ. ಕೇಸಿನ ಲೆಕ್ಕದಲ್ಲಿ ನಾನಿಲ್ಲ.

ಈ ಲೆಕ್ಕದ ಮಾತು ಯಾಕೆ ಬಂತು ಅಂದರೆ, 2013ರ ಡಿಸೆಂಬರ್ 11. ದೆಹಲಿಯ ಒಬ್ಬ ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್ ಮತ್ತು ಕೆಲವು ಧಾರ್ಮಿಕ ಸಂಘಟನೆಗಳು ಮೇಲ್ಮನವಿ ಹಾಕಿದ್ದರು. ಸರ್ಕಾರವೇ ಮೇಲ್ಮನವಿ ಹಾಕಿರಲಿಲ್ಲ, ಗಮನಿಸಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜಿ.ಎಸ್. ಸಿಂಘ್ವಿ ಅವರ ಪೀಠ 2009ರ ತೀರ್ಪನ್ನು ತಳ್ಳಿಹಾಕಿತು. ಎರಡು ಕಾರಣ ಕೇಳಿ. ಈ ಜನ ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಭಾಗ. ಮತ್ತೆ, 150 ವರ್ಷಗಳಲ್ಲಿ 377ರ ಕೆಳಗೆ ವಿಚಾರಣೆಗೆ ಒಳಗಾದವರು 200ಕ್ಕಿಂತ ಕಡಿಮೆ, ಆದ್ದರಿಂದ ಇದು ಒಂದು ವರ್ಗದ ಮೇಲೆ ನಡೆದ ಅನ್ಯಾಯ ಎನ್ನಲು ಆಧಾರ ಸಾಲದು.

200ಕ್ಕಿಂತ ಕಡಿಮೆ. ಆ ಸಂಖ್ಯೆ ಎಲ್ಲಿಂದ ಬಂತು? ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪುಗಳಿಂದ. ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋದ, ಅಲ್ಲಿಂದ ಪುಸ್ತಕಕ್ಕೆ ಬಂದ ಕೇಸುಗಳು ಅವು. ಕೆಳಗಿನ ಕೋರ್ಟುಗಳಲ್ಲಿ ಮುಗಿದದ್ದು ಅದರಲ್ಲಿಲ್ಲ. ಠಾಣೆಯಲ್ಲೇ ಮುಗಿದದ್ದು ಇಲ್ಲ. ಪಾರ್ಕಿನಲ್ಲಿ ಕಿತ್ತುಕೊಂಡ ವಾಚು ಇಲ್ಲ. ಕಿಟಕಿಗೆ ಕೈಕೋಳ ಹಾಕಿಸಿಕೊಂಡವರೂ ಇಲ್ಲ, ಅವರ ಮೇಲೆ 377ರ ಕೇಸೇ ನಡೆಯಲಿಲ್ಲವಲ್ಲ. ಓಡಿಹೋದ ಇಬ್ಬರು ಹುಡುಗಿಯರನ್ನು ಹುಡುಕಿ ತಂದು, ಅಪಹರಣದ ದೂರು ಹಾಕಿಸಿ, 377 ಹೆಸರಿನಲ್ಲಿ ಬೆದರಿಸಿ ಬೇರೆ ಮಾಡಿದ ಎಷ್ಟೋ ಕುಟುಂಬಗಳ ಕಥೆ ಅದರಲ್ಲಿ ಬರುವುದೇ ಇಲ್ಲ. ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆ ಎಷ್ಟು ಹಕ್ಕಿ ಹಿಡಿಯಿತು ಎಂದು ಎಣಿಸಿದರೆ ಸೊನ್ನೆ ಬರುತ್ತದೆ. ಅದರ ಕೆಲಸ ಹಿಡಿಯುವುದಲ್ಲ.

ಆ ದಿನ ಸಂಜೆ ದೇಶದ ತುಂಬಾ ಜನ ಬೀದಿಗಿಳಿದರು, ಬೆಂಗಳೂರಿನಲ್ಲೂ ಸೇರಿದರು. ಮತ್ತೆ ಹಿಂದಕ್ಕೆ ಹೋಗಲ್ಲ ಎನ್ನುವ ಘೋಷಣೆ ಆಗಲೇ ಹುಟ್ಟಿದ್ದು. ಒಂದು ಮಾತು ನಾನು ಖಂಡಿತವಾಗಿ ಹೇಳಬಲ್ಲೆ: 2009ರಿಂದ 2013ರ ನಡುವಿನ ನಾಲ್ಕು ವರ್ಷದಲ್ಲಿ ಸಾವಿರಾರು ಜನ ಮನೆಯಲ್ಲಿ ಹೇಳಿಕೊಂಡುಬಿಟ್ಟಿದ್ದರು. ಅವರನ್ನು ವಾಪಸ್ ಅಡಗಿಸಲು ಯಾವ ತೀರ್ಪಿಗೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಕೆಲವು ತಂದೆತಾಯಂದಿರೇ ಸುಪ್ರೀಂ ಕೋರ್ಟಿಗೆ ಬಂದಿದ್ದರು. ನಮ್ಮ ಮಕ್ಕಳನ್ನು ಅಪರಾಧಿ ಅನ್ನುವ ಕಾನೂನು ನಮ್ಮ ಕುಟುಂಬವನ್ನೇ ಒಡೆಯುತ್ತದೆ ಎಂಬುದು ಅವರ ವಾದ. ಕುಟುಂಬದ ಹೆಸರಿನಲ್ಲಿ ಈ ಕಾನೂನನ್ನು ಸಮರ್ಥಿಸುವವರಿಗೆ ಇದಕ್ಕಿಂತ ನೇರ ಉತ್ತರ ಇರಲಾರದು.

ಇಲ್ಲಿ ನಮ್ಮ ರಾಜ್ಯದ ಬಗ್ಗೆ ಒಂದು ಕಹಿ ವಿಷಯ. 2011ರಲ್ಲಿ, ಅಂದರೆ ದೆಹಲಿ ತೀರ್ಪು ಬಂದು ಎರಡು ವರ್ಷ ಆದ ಮೇಲೆ, ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಸೆಕ್ಷನ್ ಸೇರಿಸಿದರು. ಹುಡುಗರನ್ನು ಅಪಹರಿಸುತ್ತಾರೆ, ಅಸಹಜ ಅಪರಾಧ ಮಾಡುತ್ತಾರೆ ಎಂಬ ಅನುಮಾನ ಇರುವ ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ರಿಜಿಸ್ಟರ್ ಇಡಲು ಪೊಲೀಸ್ ಕಮಿಷನರ್‌ಗೆ ಅಧಿಕಾರ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಭಾಷೆಯೇ ಹೆಚ್ಚುಕಡಿಮೆ ಇದರಲ್ಲಿ ಇತ್ತು. 21ನೇ ಶತಮಾನದಲ್ಲಿ ಇಂಥದ್ದನ್ನು ಪಾಸು ಮಾಡಿದ್ದು ನಮ್ಮದೇ ವಿಧಾನಸಭೆ. ಸಮುದಾಯದವರು ಹೈಕೋರ್ಟಿಗೆ ಹೋದರು. ವರ್ಷಗಳ ಹೋರಾಟದ ನಂತರ 2016ರಲ್ಲಿ ತಿದ್ದುಪಡಿ ಬಂದು, ಒಂದು ಸಮುದಾಯವನ್ನು ಗುರಿ ಮಾಡಿದ್ದ ಆ ಪದ ಹೋಯಿತು. ಪೇಪರಿನಲ್ಲಿ ಇದು ಎಷ್ಟು ಸಣ್ಣದಾಗಿ ಬಂತು ಅಂದರೆ ನಿಮ್ಮಲ್ಲಿ ಹೆಚ್ಚಿನವರು ಇವತ್ತೇ ಮೊದಲು ಕೇಳುತ್ತಿರಬಹುದು.

ಮುಂದಿನದು ನಿಮಗೆ ಪಠ್ಯದಲ್ಲಿ ಇರುತ್ತದೆ, ಬೇಗ ದಾಟುತ್ತೇನೆ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಕೇಸಿನಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತನ್ನು ಒಪ್ಪಿತು. ಗುರುತು ಕಾನೂನಿಗೆ ಒಪ್ಪಿಗೆ, ಅದೇ ವ್ಯಕ್ತಿಯ ಪ್ರೀತಿ ಅಪರಾಧ, ಇಂಥ ಒಂದು ಸ್ಥಿತಿ ನಾಲ್ಕು ವರ್ಷ ನಡೆಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಲೈಂಗಿಕತೆ ಖಾಸಗಿತನದ ಭಾಗ, 2013ರ ತೀರ್ಪಿನ ತರ್ಕ ತಪ್ಪು, ಸಣ್ಣ ಸಂಖ್ಯೆ ಅನ್ನೋದು ಹಕ್ಕು ಕಿತ್ತುಕೊಳ್ಳಲು ಕಾರಣ ಅಲ್ಲ ಎಂದೂ ಅದರಲ್ಲಿ ಬಂತು. ಆ ಕೇಸಿನ ಅರ್ಜಿದಾರರು ಯಾರು? ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದವರು. 2024ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಕೂತು ಆಧಾರ್ ಬಗ್ಗೆ ಯೋಚಿಸಿದ ಒಬ್ಬ ಹಿರಿಯರ ಹಟದಿಂದ 377ರ ಬುಡ ಅಲುಗಾಡಿತು. ಒಂದು ಹಕ್ಕಿಗಾಗಿ ಹೋರಾಡಿದರೆ ಅದು ಯಾರ ಯಾರ ಮನೆಗೆ ತಲುಪುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ.

ಇದರ ನಡುವೆ 2016ರಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ವರ್ಷ ನವತೇಜ್ ಸಿಂಗ್ ಜೋಹರ್ ಎಂಬ ನೃತ್ಯ ಕಲಾವಿದ ಮತ್ತು ಇನ್ನೂ ನಾಲ್ವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಂಸ್ಥೆಯ ಹೆಸರಿನಲ್ಲಿ ಅಲ್ಲ, ಸ್ವಂತ ಹೆಸರಿನಲ್ಲಿ. ಅದೇ ವರ್ಷ ಬೆಂಗಳೂರಿನಿಂದ ಅಕ್ಕೈ ಪದ್ಮಶಾಲಿ ಮತ್ತು ಜೊತೆಗಾರರು ಇನ್ನೊಂದು ಅರ್ಜಿ ಹಾಕಿದರು. ಅಕ್ಕೈ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದವರು, ‘ಒಂದೆಡೆ’ ಎಂಬ ಸಂಘಟನೆ ಕಟ್ಟಿದವರು, ಅದಕ್ಕೂ ಮೊದಲು ಬೀದಿಯಲ್ಲಿ ಎಲ್ಲ ರೀತಿಯ ಹಿಂಸೆ ಕಂಡವರು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೇ ಅರ್ಜಿದಾರರಾಗಿ 377ನ್ನು ಪ್ರಶ್ನಿಸಿದ ಅರ್ಜಿ ಅದು. 2018ರ ಜುಲೈನಲ್ಲಿ ವಿಚಾರಣೆ ನಡೆದಾಗ ಅವರ ಪರವಾಗಿ ಬೆಂಗಳೂರಿನ ವಕೀಲೆ ಜೈನಾ ಕೊಠಾರಿ ವಾದಿಸಿದರು. ಈ ಕಾನೂನಿನ ಏಟು ಎಲ್ಲರಿಗಿಂತ ಜಾಸ್ತಿ ಬೀಳುವುದು ಟ್ರಾನ್ಸ್‌ಜೆಂಡರ್ ಜನರ ಮೇಲೆ, ಯಾಕೆಂದರೆ ಅವರು ಕಣ್ಣಿಗೆ ಕಾಣುತ್ತಾರೆ. ಸೂಟು ಹಾಕಿಕೊಂಡ ನನ್ನಂಥವನು ಜನರ ನಡುವೆ ಮರೆಯಾಗಬಹುದು, ಮಾರ್ಕೆಟ್ಟಿನಲ್ಲಿ ಸೀರೆ ಉಟ್ಟು ನಡೆಯುವ ಅವರಿಗೆ ಆ ಅವಕಾಶ ಇಲ್ಲ. 2018ರ ಸಂಭ್ರಮದ ಫೋಟೋಗಳಲ್ಲಿ ಯಾರ ಮುಖ ಹೆಚ್ಚು ಬಂತು, ಯಾರದು ಕಡಿಮೆ ಬಂತು ಅಂತ ಒಮ್ಮೆ ನೋಡಿ.

ಉಳಿದದ್ದು ನಿಮಗೆ ಗೊತ್ತು. ಐವರೂ ಒಮ್ಮತದಿಂದ 2013ರ ತೀರ್ಪನ್ನು ರದ್ದು ಮಾಡಿದರು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ಇಂದು ಮಲ್ಹೋತ್ರಾ, ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ಬರೆದರು. ಕುಟುಂಬಗಳಿಗೂ ಎಂದು ಸೇರಿಸಿದರಲ್ಲ, ನನಗೆ ನನ್ನ ಅಮ್ಮ ನೆನಪಾದರು.

ಆಮೇಲೆ ಎಲ್ಲ ಸರಿಹೋಯಿತಾ? ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕರ್ನಾಟಕದಲ್ಲಿ ಒಂದು ಒಳ್ಳೆಯದು ಆಯಿತು: 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 1 ಶೇಕಡಾ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಅದೂ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಗಿ, ಜೀವ ಸಂಸ್ಥೆ ಜೊತೆ ಸೇರಿ ಪಡೆದದ್ದು, ತಾನಾಗಿ ಬಂದದ್ದಲ್ಲ.

ಈಗ ನೀವು ಕೇಳಿದ ಪ್ರಶ್ನೆಗಳು.

ಒಬ್ಬರು ಕೇಳಿದರು, ಇದೆಲ್ಲ ಪಶ್ಚಿಮದಿಂದ ಬಂದದ್ದು ಅಲ್ವಾ ಅಂತ. ಪಶ್ಚಿಮದಿಂದ ಬಂದದ್ದು ಕಾನೂನು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬನ್ನಿ, ಜೋಗಪ್ಪಗಳನ್ನು ಮಾತಾಡಿಸಿ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು, ಅವರ ಪರಂಪರೆ ಯಾವ ಲಂಡನ್ನಿನಿಂದಲೂ ಬಂದದ್ದಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಹಳೆಯ ಪರಂಪರೆ ಇದೆ ಅಂತ ತೋರಿಸಿದರೆ ಮಾತ್ರ ಹಕ್ಕು ಸಿಗಬೇಕು ಅನ್ನೋದನ್ನು ನಾನು ಒಪ್ಪುವುದಿಲ್ಲ. ನಾಳೆ ಬೆಳಿಗ್ಗೆ ಹುಟ್ಟುವ ಮಗುವಿಗೂ ಹಕ್ಕಿದೆ. ಮತ್ತೆ ನೋಡಿ, ಈ ಕಾನೂನನ್ನು ನಮ್ಮ ಮೇಲೆ ಹೇರಿದ ಇಂಗ್ಲೆಂಡು ತನ್ನಲ್ಲಿ ಅದನ್ನು 1967ರಲ್ಲೇ ಸಡಿಲಿಸಿತು. ನಾವು ಇನ್ನೂ 51 ವರ್ಷ ಅದನ್ನು ನಮ್ಮ ಸಂಸ್ಕೃತಿ ಅಂತ ಕಾಪಾಡಿದೆವು.

ಕರಾವಳಿಯಿಂದ ಬಂದ ಒಬ್ಬ ವಿದ್ಯಾರ್ಥಿ ಕೇಳಿದ್ದು ನನ್ನನ್ನು ತುಂಬಾ ಕಾಡಿತು. ಗಲ್ಫಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಕಥೆ ಏನು ಅಂತ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಅಲ್ಲಿದ್ದಾರೆ. ಸೌದಿ, ಕುವೈತ್, ಕತಾರ್, ಈ ಕಡೆಯೆಲ್ಲ ಇದು ಇವತ್ತಿಗೂ ಅಪರಾಧವೇ. 2018ರ ತೀರ್ಪು ವಿಮಾನದಲ್ಲಿ ಅವರ ಜೊತೆ ಹೋಗುವುದಿಲ್ಲ. 377 ಅನ್ನೋ ಅದೇ ಸಂಖ್ಯೆಯ ಕಾನೂನು ಪಾಕಿಸ್ತಾನ, ಬಾಂಗ್ಲಾದೇಶ, ಮಲೇಷ್ಯಾದಲ್ಲಿ ಇನ್ನೂ ಇದೆ. ಸಿಂಗಪುರ 2022ರಲ್ಲಿ ತನ್ನ 377ಎ ತೆಗೆಯಿತು. ಮಾರಿಷಸ್ಸಿನ ಸುಪ್ರೀಂ ಕೋರ್ಟು 2023ರಲ್ಲಿ ಇಂಥದ್ದೇ ಕಾನೂನನ್ನು ಹೊಡೆದುಹಾಕಿತು. ಅದೇ 2023ರಲ್ಲಿ ಉಗಾಂಡಾ ಕೆಲವು ಸಂದರ್ಭಗಳಿಗೆ ಮರಣದಂಡನೆ ಇರುವ ಹೊಸ ಕಾನೂನು ತಂದಿತು. ಗಲ್ಫಿಗೆ ಹೋಗುವ ಮೊದಲು ಆ ದೇಶದ ಕಾನೂನು ತಿಳಿದುಕೊಳ್ಳಿ, ಫೋನಿನಲ್ಲಿ ಏನಿದೆ ನೋಡಿಕೊಳ್ಳಿ, ನಂಬುವ ಒಬ್ಬರಿಗೆ ಹೇಳಿ ಹೋಗಿ. ಇಷ್ಟು ಸಣ್ಣ ಸಲಹೆ ಕೊಡುವುದಕ್ಕೆ ನನಗೆ ಸಂಕಟ ಆಗುತ್ತದೆ. ಆದರೂ ಹೇಳಲೇಬೇಕು.

ಕೊನೆಯ ಪ್ರಶ್ನೆ ಕಾನೂನು ಓದುತ್ತಿರುವ ಒಬ್ಬ ಹುಡುಗಿಯದು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ 377 ಇಲ್ಲವೇ ಇಲ್ಲ, ಇದು ಗೆಲುವಲ್ವಾ ಅಂತ. ಅಲ್ಲ. ನಾಜ್ ಆಗಲಿ, ಆಮೇಲೆ ಬಂದವರಾಗಲಿ ಸೆಕ್ಷನ್ನು ಪೂರ್ತಿ ಕಿತ್ತುಹಾಕಿ ಅಂತ ಹಟ ಹಿಡಿಯಲಿಲ್ಲ. ಒಪ್ಪಿಗೆ ಇದ್ದದ್ದನ್ನು ಹೊರಗಿಡಿ ಅಂದರು. ಯಾಕೆಂದರೆ ಗಂಡಸಿನ ಮೇಲೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಅತ್ಯಾಚಾರ ನಡೆದರೆ ದೂರು ಕೊಡಲು ಇದ್ದ ಸೆಕ್ಷನ್ ಅದೊಂದೇ. 2018ರ ತೀರ್ಪು ಅದನ್ನು ಉಳಿಸಿತ್ತು. ಹೊಸ ಸಂಹಿತೆ ಬರೆಯುವಾಗ ಇಡೀ ಸೆಕ್ಷನ್ನು ಬಿಟ್ಟುಬಿಟ್ಟರು, ಬದಲಿಗೆ ಏನೂ ಇಡಲಿಲ್ಲ. 2024ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು, ಇದನ್ನು ಬೇಗ ತೀರ್ಮಾನ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ನ್ಯಾಯ ಸಂಹಿತೆಯ ಪ್ರಕಾರ ಅತ್ಯಾಚಾರ ಅಂದರೆ ಗಂಡಸು ಹೆಂಗಸಿನ ಮೇಲೆ ಮಾಡುವುದು, ಕನಿಷ್ಠ ಶಿಕ್ಷೆ 10 ವರ್ಷ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯಿದೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಬೆಂಗಳೂರಿನ ಆ ಹಿಜ್ರಾ ಅವರಿಗೆ ಆದದ್ದು ನಾಳೆ ಇನ್ನೊಬ್ಬರಿಗೆ ಆದರೆ ಠಾಣೆಯಲ್ಲಿ ಯಾವ ಸೆಕ್ಷನ್ ಬರೆಯಿಸುತ್ತೀರಿ? ನೀವು ವಕೀಲರಾಗುವವರು. ಈ ಎರಡೂ ಕಾಯಿದೆಗಳನ್ನು ಪಕ್ಕಪಕ್ಕ ಇಟ್ಟು ಓದಿ, ಮುಂದಿನ ಅರ್ಜಿ ಬರೆಯಲು ಶುರು ಮಾಡಿ. ಓದಬೇಕಾದ ತೀರ್ಪುಗಳನ್ನು ನಿಮ್ಮ ಗ್ರೂಪಿಗೆ ಇವತ್ತು ರಾತ್ರಿಯೇ ಕಳಿಸುತ್ತೇನೆ.